ಶೇರ್ ದ ಮೀಲ್ ಆ್ಯಪ್: ಊಟಕ್ಕೆ ನಾಲ್ಕು ಸ್ಟಾರ್, ಐದನೆಯದು ಅವ್ವ ಕೊಡಲಿಲ್ಲ

ಮೊದಲೇ ಹೇಳಿಬಿಡ್ತೇನೆ, ಹಸಿದವರ ಊಟಕ್ಕೆ ದುಡ್ಡು ಕಳಿಸೋ ಈ ಆ್ಯಪ್ ಚೆನ್ನಾಗಿದೆ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರದು, 2020ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತಲ್ಲ, ಅವರದೇ. 2015ರಿಂದ ಇದೆ, ನನಗೆ ಗೊತ್ತಾಗಿದ್ದು ಈಗ. ಎಲ್ಲಿಗೆ ಅಂತ ಆರಿಸಿ, ದುಡ್ಡು ಕಟ್ಟಿದರೆ ಮುಗೀತು. ನಾನು ನೋಡಿದಾಗ ಒಂದು ಮಗುವಿನ ಒಂದು ದಿನದ ಊಟಕ್ಕೆ 80 ಸೆಂಟ್, ಹೆಚ್ಚುಕಡಿಮೆ 70 ರೂಪಾಯಿ.

ನಾನು ಸುಡಾನ್ ಆರಿಸಿದೆ. ಅಲ್ಲಿಯವರೂ ನಮ್ಮ ವಿಜಯಪುರದವರ ಹಾಗೆ ಜೋಳ ತಿನ್ನುವವರು, ಅಷ್ಟೇ ಕಾರಣ. ಹಿಟ್ಟು ಹುಳಿ ಬರಿಸಿ ಕಾವಲಿ ಮೇಲೆ ಹಾಳೆಯಷ್ಟು ತೆಳ್ಳಗೆ ಎಳೀತಾರೆ, ಕಿಸ್ರಾ ಅಂತಾರೆ. ಅವ್ವ ರೊಟ್ಟಿ ಬಡೀತಿದ್ದಳು, ಫೋಟೊ ತೋರಿಸಿದೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ನೋಡಿ, "ಬಡಿಯೂದಿಲ್ಲೇನಿದನ್ನ? ದ್ವಾಸಿ ಆತಲ್ಲ" ಅಂದಳು.

ಆಮೇಲೆ ಸುದ್ದಿ ಹೇಳಿದೆ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಸೇನೆಗೂ ಆರ್‌ಎಸ್‌ಎಫ್ ಅನ್ನೋ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು, 2024ರ ಆಗಸ್ಟ್ ಹೊತ್ತಿಗೆ ಉತ್ತರ ದಾರ್ಫುರ್‌ನಲ್ಲಿ ಮನೆ ಬಿಟ್ಟು ಬಂದವರಿದ್ದ ಝಮ್‌ಝಮ್ ಶಿಬಿರದಲ್ಲಿ ಕ್ಷಾಮ ಅಂತ ಖಚಿತವಾಯಿತು. ಮಳೆ ಕೈಕೊಟ್ಟು ಬಂದ ಬರ ಅಲ್ಲ ಅದು, ಜನ ಹೊಲಮನೆ ಬಿಟ್ಟು ಓಡಿ, ದಾರಿಗಳೆಲ್ಲ ಬಂದಾಗಿ ಆದದ್ದು. ಅವ್ವ 1972ರ ಬರ ಕಂಡವಳು. ಎಲ್ಲ ಕೇಳಿ ಒಂದೇ ಮಾತು ಕೇಳಿದಳು: "ಬೀಜದ ಜ್ವಾಳಾನೂ ತಿಂದಿರ್ತಾರಲ್ಲ? ಮುಂದಿನ ವರ್ಷ ಏನು ಬಿತ್ತತಾರ?"

ಒಂದು ಸ್ಟಾರ್ ಹೋಗಿದ್ದು ಇಲ್ಲಿ. ಆ್ಯಪ್‌ನಲ್ಲಿ ಲೆಕ್ಕ ಎಲ್ಲ ಊಟದ್ದೇ, ಬೀಜದ್ದಲ್ಲ. ನಮ್ಮ ಮನೆಯಲ್ಲಿ ಬೀಜದ ಜೋಳಕ್ಕೆ ಬೂದಿ, ಬೇವಿನ ಎಲೆ ಬೆರೆಸಿ ಬೇರೆ ಗಡಿಗೆಯಲ್ಲಿ ಇಡ್ತಿದ್ದರು, ಕಾಳು ತುಂಬಿಡೋ ಹಗೇವು ಖಾಲಿಯಾದರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಬೀಜ ಹಂಚುವುದು ವಿಶ್ವಸಂಸ್ಥೆಯ ಇನ್ನೊಂದು ಸಂಸ್ಥೆ, ಎಫ್‌ಎಒ, ಅಂದರೆ ಆಹಾರ ಮತ್ತು ಕೃಷಿ ಸಂಸ್ಥೆ. ಯುದ್ಧದ ನಡುವೆಯೂ ಸುಡಾನ್‌ನಲ್ಲಿ ಜೋಳ, ಸಜ್ಜೆ ಬೀಜ ಹಂಚಿದ್ದಾರೆ. ಆದರೆ ಅಲ್ಲಿ ಬಿತ್ತೋದು ಜೂನ್, ಜುಲೈ ಮಳೆಗೆ. ಲಾರಿ ಎಲ್ಲೋ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಕೊಂಡು ಸೆಪ್ಟೆಂಬರ್‌ನಲ್ಲಿ ಮುಟ್ಟಿದರೆ ಏನು ಬಂತು, ನಮಗೆ ಹಿಂಗಾರಿ ಬೀಜ ದೀಪಾವಳಿ ಕಳೆದ ಮೇಲೆ ಕೊಟ್ಟ ಹಾಗೆ ಅಲ್ವಾ?

ಹಾಗಂತ ಊಟ ಕಳಿಸೋದು ದಂಡ ಅಂತಲ್ಲ. ಬಿತ್ತೋ ಹೊತ್ತಿಗೆ ಮನೆಯಲ್ಲಿ ಊಟ ಇದ್ದರೆ ಕೊಟ್ಟ ಬೀಜ ಹೊಲಕ್ಕೆ ಹೋಗುತ್ತೆ, ಇಲ್ಲದಿದ್ದರೆ ಒಲೆಗೆ. ಇದನ್ನೂ ಅವ್ವನೇ ಹೇಳಿದ್ದು. ನಾನು 10 ದಿನದ ಊಟ ಅಂದುಕೊಂಡಿದ್ದೆ, ಅವಳ ಮಾತಿಗೆ 30 ದಿನದ್ದು ಕಟ್ಟಿದೆ.

ದುಡ್ಡು ಹಾಕುವವರಿಗೆ ಒಂದು ಮಾತು: ನನ್ನ ಬ್ಯಾಂಕಿನವರು ಕಾರ್ಡಿನಲ್ಲಿ ವಿದೇಶಿ ಪಾವತಿ ಬಂದ್ ಮಾಡಿಟ್ಟಿದ್ದರು, ಎರಡು ಸಲ ಫೇಲ್ ಆಯಿತು. ಮೊದಲು ಅದನ್ನು ಆನ್ ಮಾಡಿಸಿಕೊಳ್ಳಿ. ತಿಂಗಳು ತಿಂಗಳು ಕೊಡುವ ಆಯ್ಕೆಯೂ ಇದೆ, ಒಂದೇ ಸಲ ಕೊಡುವವರು ನೋಡಿ ಒತ್ತಿ.