ಕಾರ್ನ್ ಸ್ನೇಕೋ, ಬಾಲ್ ಪೈಥಾನೋ?

ಅಮೆರಿಕದಲ್ಲಿ ಮಕ್ಕಳಿರುವ ಮನೆಗೆ ಸಾಕಲು ಹಾವು ತರುವವರಿಗೆ ಎದುರಾಗುವ ಪ್ರಶ್ನೆ ಇದು. ಎರಡಕ್ಕೂ ವಿಷವಿಲ್ಲ.

ಕಾರ್ನ್ ಸ್ನೇಕ್ ತೆಳ್ಳಗೆ, ಚುರುಕು. ಊಟಕ್ಕೆ ತಕರಾರು ಕಡಿಮೆ. ಆದರೆ ಪೆಟ್ಟಿಗೆಯ ಮುಚ್ಚಳದಲ್ಲಿ ಸಣ್ಣ ಸಂದು ಸಿಕ್ಕರೂ ಪರಾರಿ! ಬಾಲ್ ಪೈಥಾನ್ ದಪ್ಪ, ನಿಧಾನ. ಹೆದರಿದರೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಕೆಲವೊಮ್ಮೆ ತಿಂಗಳುಗಟ್ಟಲೆ ಏನೂ ತಿನ್ನುವುದಿಲ್ಲ, ನಮಗೆ ಸುಮ್ನೆ ತಲೆನೋವು. 20 ವರ್ಷ ದಾಟಿಯೂ ಬದುಕಬಹುದು. ಮಗು ಕಾಲೇಜಿಗೆ ಹೋದ ಮೇಲೆ ನೋಡಿಕೊಳ್ಳುವವರು ನೀವೇ ಅಲ್ವಾ?

ನನ್ನ ಓಟು ಕಾರ್ನ್ ಸ್ನೇಕ್‌ಗೆ, ಪೆಟ್ಟಿಗೆಗೆ ಬೀಗ ಇದ್ದರೆ ಮಾತ್ರ.

ಹಾವಿನಿಂದ ನಮಗೆ ಹರಡಬಹುದಾದ, ಭೇದಿ-ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸೋಂಕಿನ ವಿಷಯದಲ್ಲಿ ಎರಡೂ ಒಂದೇ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಮಗುವಿಗೆ 5 ತುಂಬಿಲ್ಲವೇ? ಹಾಗಾದರೆ ಎರಡೂ ಬೇಡ ಎನ್ನುತ್ತದೆ ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿ.