ಅಪ್ಪೆಹುಳಿಗೆ ಯಾವ ಲೋಟ?

ಮಾವಿನಕಾಯಿ ಕಾಲ ಬಂತೆಂದರೆ ಶಿರಸಿ ಕಡೆಯ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಅಪ್ಪೆಹುಳಿ ತಪ್ಪುವುದಿಲ್ಲ. ಹುಳಿ ಮಾವಿನಕಾಯಿ ಬೇಯಿಸಿ ಕಿವುಚಿ, ನೀರು, ಉಪ್ಪು, ಸೂಜಿಮೆಣಸು ಸೇರಿಸಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಆಯಿತು. ಅನ್ನಕ್ಕೂ ಕಲಸುತ್ತೇವೆ, ಆದರೆ ಲೋಟಕ್ಕೆ ಹಾಕಿಕೊಂಡು ಕುಡಿಯುವುದೇ ಹೆಚ್ಚು. ಯಾವ ಲೋಟಕ್ಕೆ ಎಂಬುದು ಮನೆಯಲ್ಲಿ ಹಳೆಯ ಚರ್ಚೆ. ಆಯಿಗೆ (ಅಮ್ಮನಿಗೆ) ಸ್ಟೀಲ್, ಅಪ್ಪನಿಗೆ ಅಜ್ಜಿಯ ಕಾಲದ ಹಿತ್ತಾಳೆ, ನನಗೆ ಗಾಜು. ಈ ಸಲ ಒಂದು ತಿಂಗಳು ದಿನಕ್ಕೊಂದು ಲೋಟ ಬದಲಿಸಿ, ಅಪ್ಪೆಹುಳಿ, ಮಜ್ಜಿಗೆ, ಕಾಫಿ ಮೂರನ್ನೂ ಕುಡಿದು ನೋಡಿದೆ.

ಹಿತ್ತಾಳೆಯದು ಬೇಗ ಮುಗಿಯಿತು. ಕೈಗೆ ತೂಕವಾಗಿ ಕೂರುತ್ತದೆ, ನೋಡಲು ಅದಕ್ಕಿಂತ ಚೆಂದದ್ದು ಮನೆಯಲ್ಲಿಲ್ಲ. ಆದರೆ ಒಳಗಿನ ಕಲಾಯಿ ಅಲ್ಲಲ್ಲಿ ಸವೆದಿದೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಹುಳಿ ತಾಗಿದರೆ ತಾಮ್ರ ಬಿಡುತ್ತದೆ, ಕಿಲುಬು ಹಿಡಿಯುತ್ತದೆ. ಅದನ್ನು ತಡೆಯಲೆಂದೇ ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರ ಬಳಿಯುವುದು. ತವರ 232 ಡಿಗ್ರಿಗೇ ಕರಗುವುದರಿಂದ ಆ ಕೆಲಸ ಸಣ್ಣ ಇದ್ದಿಲ ಒಲೆಯ ಮೇಲೂ ಆಗುತ್ತದೆ. ಕಲಾಯಿ ಹಾಕುವವರು ಈಗ ನಮ್ಮ ಕಡೆ ಬರುವುದೇ ಅಪರೂಪ. ಹಾಗಾಗಿ ಅದರಲ್ಲಿ ಅಪ್ಪೆಹುಳಿಯನ್ನಾಗಲಿ ಮಜ್ಜಿಗೆಯನ್ನಾಗಲಿ ಕುಡಿಯಲೇ ಇಲ್ಲ. ಅಪ್ಪನಿಗೂ ಕೊಡಲಿಲ್ಲ.

ಒಂದೇ ಒಂದು ಬೆಳ್ಳಿ ಲೋಟವೂ ಇದೆ, ನನ್ನ ನಾಮಕರಣಕ್ಕೆ ಬಂದದ್ದು. ಶಾಖವನ್ನು ಬೆಳ್ಳಿಯಷ್ಟು ಬೇಗ ಸಾಗಿಸುವ ಲೋಹ ಬೇರೊಂದಿಲ್ಲ, ಕಾಫಿ ಹಾಕಿದರೆ ಬೆರಳಿಡಲು ಆಗದು. ಅಪ್ಪೆಹುಳಿಗೂ ಆಗಿಬರದು. ಇಂಗಿನಲ್ಲಿ ಗಂಧಕದ ಅಂಶವಿದೆ, ಅದು ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ನಿಜವಾದ ಪೈಪೋಟಿ ಸ್ಟೀಲಿಗೂ ಗಾಜಿಗೂ.

ನಮ್ಮ ಸ್ಟೀಲ್ ಲೋಟಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಆಯಿಯ ಹೆಸರಿದೆ, ಮದುವೆಯಲ್ಲಿ ಬಂದವು. ಬಿದ್ದರೆ ತಗ್ಗು ಬೀಳುತ್ತದೆಯೇ ಹೊರತು ಒಡೆಯುವುದಿಲ್ಲ. ಪಾತ್ರೆಯ ಒಳ್ಳೆಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ಪದರ ಕಟ್ಟಿಕೊಂಡು ಹುಳಿಯನ್ನು ತಡೆಯುತ್ತದೆ. ಇನ್ನೊಂದು ಗುಣ ನಾನು ಇಷ್ಟು ದಿನ ಗಮನಿಸಿರಲಿಲ್ಲ: ಹೊರಕ್ಕೆ ಮಡಿಚಿದ ಅಂಚು. ನಮ್ಮಲ್ಲಿ ಹಲವರು ತುಟಿ ತಾಗಿಸದೆ ಎತ್ತಿ ಕುಡಿಯುತ್ತಾರೆ. ಆ ಅಂಚಿನಿಂದ ನೀರು ಸಣ್ಣ ಧಾರೆಯಾಗಿ ಸರಿಯಾಗಿ ಬಾಯಿಗೇ ಬೀಳುತ್ತದೆ. ಗಾಜಿನ ಗ್ಲಾಸಿನಿಂದ ಹಾಗೆ ಕುಡಿಯಲು ಹೋಗಿ ಎರಡು ದಿನ ಗಲ್ಲ, ಕುತ್ತಿಗೆಯೆಲ್ಲ ಒದ್ದೆ. ಮಜ್ಜಿಗೆಗೆ, ನೀರಿಗೆ ಸ್ಟೀಲೇ ಸರಿ. ಕಾಫಿಗೂ ಅದೇ, ಆದರೆ ಬಟ್ಟಲಿನ ಜೊತೆ. ಬಟ್ಟಲಿಗೂ ಲೋಟಕ್ಕೂ ಎರಡು ಸಲ ಎತ್ತಿ ಹೊಯ್ದರೆ ಹದವಾದ ಬಿಸಿ, ಮೇಲೆ ನೊರೆ.

ಚಿನ್ನದ ಗೆರೆಯ ಗಾಜಿನ ಗ್ಲಾಸುಗಳು ಮೊದಲು ಆರಿದ್ದವು. ಒಂದು ಕೈತಪ್ಪಿತು. ಇನ್ನೊಂದನ್ನು ಒಡೆದವಳು ನಾನೇ, ಚಳಿಗಾಲದ ಬೆಳಿಗ್ಗೆ ತಣ್ಣಗಿದ್ದ ಗ್ಲಾಸಿಗೆ ಕುದಿಯುವ ಕಾಫಿ ಸುರಿದು. ಒಳಮೈ ಬಿಸಿಗೆ ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗಿರುತ್ತದೆ, ಆ ಎಳೆದಾಟಕ್ಕೆ ಗಾಜು ಸೀಳುತ್ತದೆ. ತಳ ದಪ್ಪವಿದ್ದಷ್ಟೂ ಅಪಾಯ ಹೆಚ್ಚು. ಆ ಚೂರುಗಳನ್ನು ಆರಿಸುವಾಗಿನ ಸಂಕಟ ಇನ್ನೂ ಮರೆತಿಲ್ಲ.

ಆದರೂ ಅಪ್ಪೆಹುಳಿಗೆ ಗಾಜೇ ಎನ್ನುತ್ತೇನೆ. ಅಪ್ಪೆಹುಳಿ ನಿಂತಲ್ಲಿ ನಿಲ್ಲುವುದಿಲ್ಲ, ಮಾವಿನ ತಿರುಳು ತಳಕ್ಕಿಳಿದು ಮೇಲೆ ಬರೀ ತಿಳಿನೀರು ಉಳಿಯುತ್ತದೆ. ಸ್ಟೀಲ್ ಲೋಟದಲ್ಲಿ ಅದು ಕಾಣದು, ಕೊನೆಯ ಗುಟುಕಿಗೆ ತಿರುಳು, ಮೆಣಸಿನ ಬೀಜ ಎಲ್ಲ ಒಟ್ಟಿಗೇ ಬಾಯಿಗೆ ಬರುತ್ತದೆ. ಗಾಜಿನಲ್ಲಾದರೆ ತಿರುಳು ಇಳಿಯುವುದು ಕಾಣುತ್ತದೆ, ಒಮ್ಮೆ ತಿರುಗಿಸಿ ಕುಡಿಯಬಹುದು. ಎಳೆ ಹಸಿರಿನ ಮೇಲೆ ತೇಲುವ ಕೊಬ್ಬರಿ ಎಣ್ಣೆಯ ಕಣ್ಣುಗಳು, ಸಾಸಿವೆ, ಒಂದು ಕೆಂಪು ಮೆಣಸು. ಕುಡಿಯುವ ಮೊದಲೇ ಬಾಯಲ್ಲಿ ನೀರು. ತಣ್ಣಗಿನ ಪದಾರ್ಥವಾದ್ದರಿಂದ ಒಡೆಯುವ ಭಯವೂ ಇಲ್ಲ. ತೊಳೆಯುವಾಗ ಮಾತ್ರ ಒರಟು ನಾರು ಬೇಡ, ಚಿನ್ನದ ಗೆರೆ ಎದ್ದುಹೋಗುತ್ತದೆ.

ತಿಂಗಳ ಕೊನೆಗೆ ಆಯಿ ತಾನಾಗಿಯೇ ಒಂದು ಗಾಜಿನ ಗ್ಲಾಸು ಕೇಳಿದಳು. ಈಗ ಊಟಕ್ಕೆ ಕೂರುವವರು ಐದು ಜನ, ಗ್ಲಾಸು ನಾಲ್ಕು. ಬಡಿಸಿ ಕೊನೆಗೆ ಕೂರುವ ನನಗೆ ಆಯಿಯ ಹೆಸರಿನ ಸ್ಟೀಲ್ ಲೋಟ.