ಮಗುವಿಗೆಂದು ಮನೆಯಲ್ಲೇ ಹೊಲಿದ ಬಟ್ಟೆಯ ವೈಪ್ಸ್: ಎರಡು ವರ್ಷಕ್ಕೂ ಮೇಲಿನ ಬಳಕೆಯ ನಂತರ

2023ರ ನವೆಂಬರಿನಲ್ಲಿ, ನಮ್ಮ ಮಗಳಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ, ಅಂಗಡಿಯಿಂದ ತರುತ್ತಿದ್ದ ವೈಪ್ಸ್ (ಮಗುವಿನ ಮೈ ಒರೆಸುವ ಒದ್ದೆ ಹಾಳೆಗಳು) ಬಿಟ್ಟು ಮನೆಯಲ್ಲೇ ಹೊಲಿದ ಬಟ್ಟೆಯ ತುಂಡುಗಳನ್ನು ಬಳಸಲು ಆರಂಭಿಸಿದೆವು. ಬೆಂಗಳೂರಿನ ಬನಶಂಕರಿಯ ಬಾಡಿಗೆ ಮನೆ, ಎರಡನೆಯ ಮಹಡಿ, ದಿನ ಬಿಟ್ಟು ದಿನ ಬರುವ ಕಾವೇರಿ ನೀರು, ಉಳಿದ ದಿನಗಳಲ್ಲಿ ಬೋರ್‌ವೆಲ್ ನೀರು, ಎಲ್ಲ ಬಾಡಿಗೆದಾರರೂ ಹಂಚಿಕೊಳ್ಳುವ ಒಂದು ತಾರಸಿ: ಇಷ್ಟನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಬಟ್ಟೆ ಯಾವುದು, ಹೊಲಿಗೆ ಹೇಗೆ ಎಂಬುದಕ್ಕಿಂತ, ಮನೆಯ ನೀರು ಎಂಥದ್ದು ಮತ್ತು ಬಟ್ಟೆ ಒಣಗಿಸಲು ಬಿಸಿಲು ಎಲ್ಲಿ ಬೀಳುತ್ತದೆ ಎಂಬುದರ ಮೇಲೆಯೇ ಈ ಪದ್ಧತಿ ನಡೆಯುವುದೂ ನಿಲ್ಲುವುದೂ ನಿರ್ಧಾರವಾಗುತ್ತದೆ ಎಂಬುದು ನನ್ನ ಅನುಭವ.

ಆರಂಭಕ್ಕೆ ಕಾರಣ ಪರಿಸರ ಕಾಳಜಿಯಾಗಿರಲಿಲ್ಲ. ಮೊದಲ ಕೆಲವು ವಾರ ವೈದ್ಯರ ಸಲಹೆಯಂತೆ ಹತ್ತಿ ಮತ್ತು ಉಗುರುಬೆಚ್ಚಗಿನ ನೀರನ್ನಷ್ಟೇ ಬಳಸಿದ್ದೆವು. ಬಾಣಂತನ ಮುಗಿಸಿ ತವರಿನಿಂದ ಬಂದ ಮೇಲೆ ಅನುಕೂಲಕ್ಕೆಂದು ವೈಪ್ಸ್ ಪೊಟ್ಟಣ ತಂದೆವು, ಹತ್ತು ದಿನದಲ್ಲಿ ಮಗುವಿನ ತೊಡೆಸಂದಿ ಕೆಂಪಾಯಿತು. ಇಂಥ ವೈಪ್ಸ್‌ನಲ್ಲಿ ಬಳಸುತ್ತಿದ್ದ ಮೀಥೈಲ್‌ಐಸೊಥಯಜೊಲಿನೋನ್ ಎಂಬ ಸಂರಕ್ಷಕ ರಾಸಾಯನಿಕವನ್ನು ಅಮೆರಿಕದ ಚರ್ಮತಜ್ಞರ ಸಂಘವೊಂದು 2013ರಲ್ಲಿ 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತ್ತು. ಹಚ್ಚಿ ತೊಳೆಯದೆ ಬಿಡುವ ಉತ್ಪನ್ನಗಳಲ್ಲಿ ಅದರ ಬಳಕೆಯನ್ನು ಐರೋಪ್ಯ ಒಕ್ಕೂಟ 2017ರಿಂದ ನಿಷೇಧಿಸಿದೆ. ನಮ್ಮ ಪೊಟ್ಟಣದ ಮೇಲೆ ಆ ಹೆಸರು ಇರಲಿಲ್ಲ, ಸುಗಂಧ ದ್ರವ್ಯ ಮಾತ್ರ ಇತ್ತು. ಕೆಂಪಾದದ್ದು ಅದರಿಂದಲೋ, ಬೆವರಿನಿಂದಲೋ, ಡೈಪರಿನಿಂದಲೋ ಎಂದು ಖಚಿತವಾಗಿ ಹೇಳಲಾರೆ. ವೈದ್ಯರು ನೋಡಿ, ಕೆಲವು ದಿನ ಬರೀ ನೀರು ಬಳಸಿ ಎಂದರು. ಬರೀ ನೀರಾದರೆ ಬಟ್ಟೆ ಬೇಕೇ ಬೇಕು.

ಚಿಕ್ಕಪೇಟೆಯಲ್ಲಿ ಒಂದು ಮೀಟರ್ ಹತ್ತಿ ಫ್ಲಾನೆಲ್ ತಂದೆ, ಪನ್ನ, ಅಂದರೆ ಬಟ್ಟೆಯ ಅಗಲ, 110 ಸೆಂಟಿಮೀಟರ್. ಇಪ್ಪತ್ತು ಸೆಂಟಿಮೀಟರಿನ ಚೌಕ ಕತ್ತರಿಸಿದರೆ ಇಪ್ಪತ್ತೈದು ತುಂಡು ಬರುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ಕತ್ತರಿಸುವ ಮುನ್ನ ಬಿಸಿನೀರಿನಲ್ಲಿ ತೊಳೆದು ಒಣಗಿಸಿದಾಗ ಬಟ್ಟೆ ಎರಡೂ ಕಡೆ ಸುಮಾರು ಐದೈದು ಸೆಂಟಿಮೀಟರ್ ಕುಗ್ಗಿ, ಒಂದು ಸಾಲೇ ಕೈಬಿಟ್ಟು, ಇಪ್ಪತ್ತು ತುಂಡಿಗೆ ಬಂದು ನಿಂತಿತು. ಹತ್ತೊಂಬತ್ತು ಸೆಂಟಿಮೀಟರಿಗೆ ಕತ್ತರಿಸಿದ್ದರೆ ಇಪ್ಪತ್ತೈದೂ ಸಿಗುತ್ತಿತ್ತು ಎಂಬುದು ಕತ್ತರಿಸಿದ ಮೇಲೆ ಹೊಳೆಯಿತು. ಆದರೂ ಮೊದಲು ತೊಳೆದದ್ದು ಒಳ್ಳೆಯದಾಯಿತು. ತೊಳೆಯದೆ ಹೊಲಿದಿದ್ದರೆ ಅಂಚುಗಳೆಲ್ಲ ಮುರುಟುತ್ತಿದ್ದವು. ಹತ್ತಿ ಎಂದು ಹೇಳಿ ಪಾಲಿಯೆಸ್ಟರ್ ಮಿಶ್ರಣವನ್ನು ಕೊಡುವುದೂ ಉಂಟು. ಒಂದೆರಡು ಎಳೆ ಕಿತ್ತು ಬೆಂಕಿಗೆ ಹಿಡಿದರೆ, ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ನನ್ನ ಈ ಸಿದ್ಧತೆಯನ್ನೆಲ್ಲ ನೋಡುತ್ತಿದ್ದ ಅತ್ತೆಯವರು, “ಇದಕ್ಕೆಲ್ಲ ದುಡ್ಡು ಕೊಟ್ಟು ಬಟ್ಟೆ ಯಾಕಮ್ಮ? ಮಾವನ ಹಳೇ ಪಂಚೆ ಹರಿದು ಇಟ್ಕೊಂಡ್ರೆ ಸಾಲ್ದಾ?” ಎಂದು ಬೀರುವಿನಿಂದ ನಾಲ್ಕು ಮೊಳದ ಪಂಚೆಯೊಂದನ್ನು ತೆಗೆದುಕೊಟ್ಟರು. ಸವೆದು ತೆಳ್ಳಗಾದ ಭಾಗ ಬಿಟ್ಟು ಕತ್ತರಿಸಿ, ಎರಡೆರಡು ಪದರ ಸೇರಿಸಿದಾಗ ಇಪ್ಪತ್ತನಾಲ್ಕು ತುಂಡುಗಳಾದವು. ಮನೆಯಲ್ಲಿ 'ಒರೆಸುವ ಬಟ್ಟೆ' ಎಂದರೆ ನೆಲ ಒರೆಸುವುದು ಎಂದೇ ಅರ್ಥವಾಗುವುದರಿಂದ, ಇವುಗಳಿಗೆ ಅತ್ತೆಯವರು 'ಚೌಕ' ಎಂದು ಹೆಸರಿಟ್ಟರು, ಅದೇ ಉಳಿಯಿತು. ಅಂಚಿಗೆ ಓವರ್‌ಲಾಕ್ ಹಾಕಿಸಿದ ಮೊದಲ ಐದು ತುಂಡುಗಳಲ್ಲಿ ನೈಲಾನಿನಂಥ ದಾರ ಗಟ್ಟಿಯಾಗಿ ಎದ್ದು ನಿಂತು ನನ್ನ ಮುಂಗೈಗೇ ಚುಚ್ಚಿತು. ಉಳಿದವನ್ನು ಸೀರೆಗೆ ಫಾಲ್ಸ್ ಮತ್ತು ಪೀಕೋ ಮಾಡುವ ಅಂಗಡಿಗೆ ಕೊಟ್ಟು ಹತ್ತಿ ದಾರದಲ್ಲಿ ಪೀಕೋ ಮಾಡಿಸಿದೆ. ಆ ಅಂಚು ಇಂದಿಗೂ ಮೃದುವಾಗಿದೆ. ಬಟ್ಟೆ ಮತ್ತು ಹೊಲಿಗೆ ಸೇರಿ ಖರ್ಚು 400 ರೂಪಾಯಿ ದಾಟಲಿಲ್ಲ. ಅದಕ್ಕೂ ಮುಂಚೆ ದಿನಕ್ಕೆ ಹತ್ತೊಂಬತ್ತು ಇಪ್ಪತ್ತು ವೈಪ್ಸ್ ಬೇಕಾಗುತ್ತಿದ್ದರಿಂದ, ಎಪ್ಪತ್ತೆರಡು ಹಾಳೆಯ ಪೊಟ್ಟಣ ನಾಲ್ಕು ದಿನಕ್ಕೆ ಮುಗಿಯುತ್ತಿತ್ತು.

ಒದ್ದೆ ಮಾಡಿ ಡಬ್ಬಿಯಲ್ಲಿ ಜೋಡಿಸಿಡುವ ಪ್ರಯೋಗವನ್ನು ಯಾರೂ ಮಾಡಬೇಡಿ ಎಂದೇ ಹೇಳುತ್ತೇನೆ. ನೀರಿಗೆ ಕೊಬ್ಬರಿ ಎಣ್ಣೆ ಮತ್ತು ಮಗುವಿನ ಸೋಪಿನ ಚೂರು ಬೆರೆಸಿ, ಅದರಲ್ಲಿ ಚೌಕಗಳನ್ನು ಅದ್ದಿ ಮುಚ್ಚಿಟ್ಟಿದ್ದೆ. ಮೂರನೆಯ ದಿನ ಮುಗ್ಗಲು ವಾಸನೆ, ಐದನೆಯ ದಿನ ತಳದ ಎರಡು ತುಂಡುಗಳಲ್ಲಿ ಬೂಷ್ಟಿನ ಕಪ್ಪು ಚುಕ್ಕೆ. ಅಂಗಡಿಯ ವೈಪ್ಸ್‌ಗೆ ಸಂರಕ್ಷಕ ಏಕೆ ಬೇಕಾಗುತ್ತದೆ ಎಂಬುದು ಆಗ ಅರ್ಥವಾಯಿತು. ಆಮೇಲೆ ಚೌಕಗಳನ್ನು ಒಣಗಿದಂತೆಯೇ ಬುಟ್ಟಿಯಲ್ಲಿಟ್ಟು, ಪಕ್ಕದಲ್ಲಿ ಸಣ್ಣ ಫ್ಲಾಸ್ಕಿನಲ್ಲಿ ಕಾಯಿಸಿ ಆರಿಸಿದ ಬೆಚ್ಚಗಿನ ನೀರನ್ನಿಟ್ಟು, ಬೇಕಾದಾಗ ಅದ್ದಿ ಹಿಂಡಿ ಬಳಸಿದೆವು. ಪಂಚೆಯ ತುಂಡುಗಳನ್ನು ಬಾಯಿ, ಕೈ ಒರೆಸುವುದಕ್ಕೂ ಬಣ್ಣದ ಫ್ಲಾನೆಲ್ಲನ್ನು ತಳಕ್ಕೂ ಮೀಸಲಿಟ್ಟದ್ದರಿಂದ ನಿದ್ದೆಗಣ್ಣಿನಲ್ಲೂ ಅದಲುಬದಲಾಗಲಿಲ್ಲ. ಒರೆಸುವ ಗುಣದ ವಿಷಯದಲ್ಲಿ ಅಂಗಡಿಯದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ: ಮೂರು ಹಾಳೆ ಬೇಕಾಗುತ್ತಿದ್ದ ಕಡೆ, ನೂಲಿನ ಜುಂಗು ಇರುವ ಒಂದು ಫ್ಲಾನೆಲ್ ಚೌಕ ಮಡಚಿ ಮಡಚಿ ಒರೆಸಿದರೆ ಸಾಕಾಗುತ್ತಿತ್ತು.

ಮೊದಲ ನಾಲ್ಕು ತಿಂಗಳು ಒಗೆಯುವುದೂ ಕಷ್ಟವೆನಿಸಲಿಲ್ಲ. ಎದೆಹಾಲು ಮಾತ್ರ ಕುಡಿಯುವ ಮಗುವಿನ ಮಲ ತಣ್ಣೀರಿನಲ್ಲೇ ಬಿಟ್ಟುಕೊಳ್ಳುತ್ತದೆ. ಮೊದಲೇ ಬಿಸಿನೀರು ಹಾಕಿದರೆ ಮಾತ್ರ ಕಲೆ ಅಂಟಿಕೊಳ್ಳುತ್ತದೆ. ಬಳಸಿದ್ದನ್ನು ನೀರಿನಲ್ಲಿ ನೆನೆಹಾಕಿ ಬಿಡದೆ, ತಣ್ಣೀರಿನಲ್ಲಿ ಜಾಲಾಡಿ ಮುಚ್ಚಳದ ಬಕೆಟ್ಟಿನಲ್ಲಿಟ್ಟು, ದಿನ ಬಿಟ್ಟು ದಿನ ಮಗುವಿನ ಲಂಗೋಟಿಗಳ ಜೊತೆ ಮಷೀನಿಗೆ 60 ಡಿಗ್ರಿಯಲ್ಲಿ ಹಾಕುತ್ತಿದ್ದೆ. ಬೋರ್‌ವೆಲ್ ನೀರಿನ ದಿನಗಳಲ್ಲಿ ಮಾತ್ರ ಚೌಕಗಳು ಒಣಗಿದ ಮೇಲೆ ಹಪ್ಪಳದಂತಾಗುತ್ತಿದ್ದವು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಂದಿಗೆ ಸೇರಿ ನೂಲಿನೊಳಗೆ ಕೂತುಬಿಡುತ್ತವೆ. ಕೊನೆಯ ಜಾಲಾಟಕ್ಕೆ ಕಾಲು ಲೋಟ ಬಿಳಿ ವಿನೆಗರ್ ಹಾಕಿದರೆ ಬಿಗುಪು ಹೋಗುತ್ತದೆ. ಬಟ್ಟೆ ಮೃದುಗೊಳಿಸುವ ಪರಿಮಳದ ದ್ರಾವಣ ಬೇಡ, ಅದು ನೀರು ಹೀರುವ ಗುಣವನ್ನೇ ಕೊಲ್ಲುತ್ತದೆ. ವಿನೆಗರನ್ನು ಬ್ಲೀಚಿಂಗ್ ಪುಡಿಯ ಜೊತೆ ಎಂದೂ ಸೇರಿಸಕೂಡದು. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ನಿಜವಾದ ಪರೀಕ್ಷೆ ಬಂದದ್ದು 2024ರ ಮಾರ್ಚಿನಲ್ಲಿ. ಮಗಳಿಗೆ ಏಳು ತಿಂಗಳು, ರಾಗಿ ಸರಿ ಮತ್ತು ಬೇಳೆಕಟ್ಟು ಶುರುವಾಗಿ ಮಲ ಗಟ್ಟಿಯಾಗಿ, ವಾಸನೆಯೂ ಕಲೆಯೂ ಹೆಚ್ಚಾದ ಕಾಲ. ಅದೇ ತಿಂಗಳು ಬೆಂಗಳೂರಿನ ನೀರಿನ ಅಭಾವ ಉತ್ತುಂಗಕ್ಕೇರಿತ್ತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಪ್ರಕಟಿಸಿತ್ತು. ನಮ್ಮ ಕಟ್ಟಡದ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುವಂತಾದಾಗ, ಮಲ ಒರೆಸಿದ ಬಟ್ಟೆಯನ್ನು ಮೂರು ನೀರಿನಲ್ಲಿ ಜಾಲಾಡುವುದು ಸಂಕೋಚದ ಸಂಗತಿಯಾಯಿತು. ಕೆಳಗಿನ ಮನೆಯವರು ಪಾತ್ರೆಗೇ ನೀರಿಲ್ಲವೆನ್ನುತ್ತಿದ್ದರು. ನಮ್ಮ ಯಜಮಾನರು ನೀರು ಶುದ್ಧೀಕರಿಸುವ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಪೈಪಿನ ಮೂಲಕ ಬಕೆಟ್ಟಿಗೆ ತುಂಬಿಸುವ ವ್ಯವಸ್ಥೆ ಮಾಡಿದರು. ಅದು ಇನ್ನೂ ಗಡಸಾದ ನೀರು, ಆದರೆ ಮೊದಲ ಜಾಲಾಟಕ್ಕೆ ಸಾಕು. ಒಂದು ಸಲದ ಕೊನೆಯ ಜಾಲಾಟದ ನೀರನ್ನು ಮರುದಿನದ ಮೊದಲ ಜಾಲಾಟಕ್ಕೆ ಎತ್ತಿಟ್ಟೆವು. ಇಷ್ಟಾದರೂ ಮೂರು ವಾರ ಮಲಕ್ಕೆ ಮತ್ತೆ ಅಂಗಡಿಯ ವೈಪ್ಸ್ ಬಳಸಿದ್ದೇವೆ, ಸುಗಂಧವಿಲ್ಲದ್ದನ್ನು ಹುಡುಕಿ ತಂದು. ನೀರು ಉಳಿಸಲೋ ಕಸ ಉಳಿಸಲೋ ಎಂಬ ಈ ಇಕ್ಕಟ್ಟನ್ನು ಬಟ್ಟೆಯ ವೈಪ್ಸ್ ಹೊಗಳುವ ಬರಹಗಳಲ್ಲಿ ನಾನು ಹೆಚ್ಚು ಕಂಡಿಲ್ಲ.

ಕಸದ ಮಾತು ಬಂದದ್ದರಿಂದ ಹೇಳಬೇಕು: ಅಂಗಡಿಯ ವೈಪ್ಸ್ ಕಾಗದದಂತೆ ಕಂಡರೂ ಅನೇಕವು ಪಾಲಿಯೆಸ್ಟರಿನಂಥ ಪ್ಲಾಸ್ಟಿಕ್ ನಾರು ಬೆರೆತ, ನೇಯದ ಬಟ್ಟೆಗಳು, ಮಣ್ಣಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕೆಂಪು ಬುಟ್ಟಿಗೆ ಹಾಕಬೇಕು. ಹಸಿರು ಬುಟ್ಟಿಗೆ ಹಾಕಿದರೆ ಹಸಿಕಸವೆಲ್ಲ ಕೆಡುತ್ತದೆ, ಕಮೋಡಿಗೆ ಹಾಕಿದರೆ ಒಳಚರಂಡಿ ಪೈಪು ಕಟ್ಟಿಕೊಳ್ಳುತ್ತದೆ.

ಕಲೆಗಳಲ್ಲಿ ಅರಿಸಿನದ್ದು ತಮಾಷೆಯದು. ಬೇಳೆಕಟ್ಟು ಒರೆಸಿದ ಚೌಕಕ್ಕೆ ಸೋಪು ಹಚ್ಚಿದೊಡನೆ ಹಳದಿ ಹೋಗಿ ಕೆಂಪು ಬಂದದ್ದನ್ನು ನೋಡಿ ರಕ್ತವೇನೋ ಎಂದು ಬೆಚ್ಚಿದ್ದೆ. ಕ್ಷಾರ ತಗುಲಿದರೆ ಅರಿಸಿನ ಹಾಗೆ ಬಣ್ಣ ತಿರುಗುತ್ತದೆ. ಒದ್ದೆಯಾಗಿರುವಾಗಲೇ ಎರಡು ದಿನ ಬಿಸಿಲಿಗೆ ಹಾಕಿದರೆ ಪೂರ್ತಿ ಮಾಯ. ಬಾಳೆಹಣ್ಣಿನ ಕರೆ ಮಾತ್ರ ಯಾವ ಬಿಸಿಲಿಗೂ ಜಗ್ಗಲಿಲ್ಲ. ಕಲೆಗಿಂತ ದೊಡ್ಡ ತೊಂದರೆ ಕೊಟ್ಟದ್ದು ಜಿಂಕ್ ಆಕ್ಸೈಡಿನ ಮುಲಾಮು ಮತ್ತು ಕೊಬ್ಬರಿ ಎಣ್ಣೆ. ಒಂದು ವರ್ಷದ ಹೊತ್ತಿಗೆ ಫ್ಲಾನೆಲ್ ಚೌಕಗಳ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳತೊಡಗಿತು. ಕುದಿನೀರಿಗೆ ಬಟ್ಟೆ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ, ಮರುದಿನ ಸೋಪಿಲ್ಲದೆ ಎರಡು ಸಲ ಜಾಲಾಡಿದ ಮೇಲೆ ಹೀರುವ ಗುಣ ಮರಳಿತು. ಮುಲಾಮನ್ನು ಹಳೆಯ ಬನಿಯನ್ ಚೂರಿನಿಂದ ಒರೆಸಿ ಎಸೆಯುವುದು ಸುಲಭದ ದಾರಿ.

ಮಳೆಗಾಲದಲ್ಲಿ ಫ್ಲಾನೆಲ್ಲಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು. ಬೆಂಗಳೂರಿನಲ್ಲಿ ಮಳೆ ಹೆಚ್ಚಾಗಿ ಸುರಿಯುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅದು ಎರಡು ದಿನವಾದರೂ ಒಳಗೆ ಹಸಿಯಾಗಿಯೇ ಇರುತ್ತಿತ್ತು. ಪ್ರತಿ ತುಂಡಿಗೂ ಇಸ್ತ್ರಿ ಹಾಕಿ ಒಣಗಿಸಿದ ವಾರಗಳಿವೆ. ಎರಡು ಪದರದ ಪಂಚೆ ಫ್ಯಾನಿನ ಕೆಳಗೆ ಒಂದು ರಾತ್ರಿಯಲ್ಲಿ ಒಣಗುತ್ತಿತ್ತು. ಅತ್ತೆಯವರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಒಣಗಿದ ಪಂಚೆಯ ಚೌಕಗಳನ್ನು ನನ್ನ ಎದುರಿಗೇ ಮಡಚಿ ಜೋಡಿಸಿದರು, ಅಷ್ಟೆ. ಮತ್ತೆ ಮಾಡುವುದಾದರೆ ಫ್ಲಾನೆಲ್ ಹತ್ತು ತುಂಡು ಸಾಕು, ಉಳಿದದ್ದೆಲ್ಲ ಪಂಚೆಯೇ. ಪ್ರಯಾಣದಲ್ಲಿ ಮಾತ್ರ ಇದು ನಮಗೆ ಹಿಡಿಸಲಿಲ್ಲ: ಊರಿಗೆ ಹೋಗುವ ಬಸ್ಸಿನಲ್ಲಿ ಬಳಸಿದ ತುಂಡುಗಳನ್ನು ಚೀಲದಲ್ಲಿ ಕಟ್ಟಿಕೊಂಡು ಐದು ಗಂಟೆ ಕೂತ ಮೇಲೆ, ಪ್ರಯಾಣಕ್ಕೆ ಅಂಗಡಿಯ ಒಂದು ಪೊಟ್ಟಣ ಇಟ್ಟುಕೊಳ್ಳುವುದಕ್ಕೆ ಯಾವ ಸಂಕೋಚವನ್ನೂ ಉಳಿಸಿಕೊಳ್ಳಲಿಲ್ಲ.

ನಲವತ್ತನಾಲ್ಕರಲ್ಲಿ ಈಗ ಮೂವತ್ತೊಂದು ಉಳಿದಿವೆ. ಕಳೆದ ತಿಂಗಳು ಏಳು ತಿಂಗಳ ಗರ್ಭಿಣಿಯಾದ ನನ್ನ ನಾದಿನಿ ಬಂದು ಇವನ್ನು ಕೇಳಿದಳು. ಅವಳಿರುವುದು ಅಪಾರ್ಟ್‌ಮೆಂಟಿನ ಉತ್ತರ ದಿಕ್ಕಿನ ಮನೆ, ಬಟ್ಟೆ ಒಣಗಿಸಲು ಬಿಸಿಲು ಬೀಳದ ಸಣ್ಣ ಬಾಲ್ಕನಿ. ಕುದಿಸಿ ಒಣಗಿಸಿ, ಪಂಚೆಯ ಹದಿನೆಂಟನ್ನೂ ಅವಳಿಗೆ ಕೊಟ್ಟು, ಫ್ಲಾನೆಲ್ಲಿನ ಹದಿಮೂರನ್ನು ನಾನೇ ಇಟ್ಟುಕೊಂಡೆ. ಅವುಗಳಲ್ಲಿ ಮಗಳು ಈಗ ತನ್ನ ಮೂಗನ್ನು ತಾನೇ ಒರೆಸಿಕೊಳ್ಳುತ್ತಾಳೆ.